ವಿಮಾನದ ಕಿಟಕಿಯಿಂದ ಭೂಮಿಯನ್ನು ಕಣ್ತುಂಬ ನೋಡಲು: ಆಸನ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಿಟಕಿ ಪಕ್ಕದ ಆಸನ ಸಿಕ್ಕಿದ ಮಾತ್ರಕ್ಕೆ ನೋಟವೂ ಸಿಕ್ಕಿತೆಂದು ಹೇಳಲಾಗದು. ಹಿಮಪರ್ವತಗಳ ಸಾಲು ಎಡಗಡೆಯಲ್ಲಿ ಹಾದುಹೋಗುತ್ತಿರುವಾಗ ಬಲಗಡೆ ಕುಳಿತವರಿಗೆ ಬಯಲಿನ ಮೇಲಿನ ಮಬ್ಬಷ್ಟೇ ಕಾಣುತ್ತದೆ. ಸರಿಯಾದ ಬದಿಯಲ್ಲೇ ಕುಳಿತಿದ್ದರೂ ಸಾಲು ರೆಕ್ಕೆಯ ಮೇಲೆ ಬಿದ್ದರೆ ನೆಲದ ಬದಲು ಅಗಲವಾದ ಲೋಹದ ಹಾಳೆ ಕಾಣುತ್ತದೆ. ಬದಿ, ಸಾಲು ಎರಡೂ ಸರಿಯಿದ್ದು ಸೂರ್ಯ ಎದುರಿಗೇ ನಿಂತಿದ್ದರೆ ಕಣ್ಣು ಬಿಡುವುದೇ ಕಷ್ಟವಾಗುತ್ತದೆ. ಇವು ಯಾವುವೂ ಅದೃಷ್ಟಕ್ಕೆ ಬಿಟ್ಟ ವಿಷಯಗಳಲ್ಲ. ಪ್ರಯಾಣಕ್ಕೆ ಮೊದಲು ಅರ್ಧ ಗಂಟೆ ನಕ್ಷೆಯ ಮುಂದೆ ಕುಳಿತರೆ ಬಹುಪಾಲು ಮೊದಲೇ ತೀರ್ಮಾನವಾಗಿಬಿಡುತ್ತವೆ.

ಹೆಚ್ಚಿನವರು ಮೊದಲು ಕೇಳುವುದು ಮುಂದಿನ ಸಾಲು ಒಳ್ಳೆಯದೋ ಹಿಂದಿನದೋ ಎಂದು. ವರ್ಷಗಳಿಂದ ಕಿಟಕಿಗೆ ಹಣೆ ಆನಿಸಿಕೊಂಡೇ ಪ್ರಯಾಣ ಮಾಡಿದ ನನಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎನಿಸಿದೆ. ಮೊದಲು ವಿಮಾನದ ದಾರಿ, ಅನಂತರ ಬದಿ, ಅನಂತರ ಸೂರ್ಯ, ಅವೆಲ್ಲ ಗೊತ್ತಾದ ಮೇಲೆ ಸಾಲು. ಬದಿ ತಪ್ಪಿದರೆ ಅತ್ಯುತ್ತಮ ಸಾಲಿನಲ್ಲಿ ಕುಳಿತೂ ಪ್ರಯೋಜನವಿಲ್ಲ. ಬದಿ ಸರಿಯಿದ್ದರೆ ಸಾಧಾರಣ ಸಾಲಿನಿಂದಲೂ ಏನಾದರೊಂದು ಕಂಡೇ ಕಾಣುತ್ತದೆ.

ಮೊದಲ ಹಂತ: ವಿಮಾನ ನಿಜವಾಗಿ ಹಾರುವ ದಾರಿಯನ್ನು ತಿಳಿಯಿರಿ

ಗೋಡೆಯ ಮೇಲಿನ ಚಪ್ಪಟೆ ಭೂಪಟದಲ್ಲಿ ಎರಡು ಊರುಗಳ ನಡುವೆ ಗೆರೆ ಎಳೆದು ವಿಮಾನ ಅದರ ಮೇಲೆಯೇ ಹೋಗುತ್ತದೆಂದು ಭಾವಿಸಬೇಡಿ. ಗೋಳದ ಮೇಲೆ ಅತಿ ಕಡಿಮೆ ದೂರದ ದಾರಿ ಬೇರೆಯೇ ಆಗಿರುತ್ತದೆ. ಯುರೋಪಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುವ ವಿಮಾನ ಗ್ರೀನ್‌ಲ್ಯಾಂಡಿನ ಹಿಮಗಡ್ಡೆಯ ಮೇಲೆ ಹಾರುವುದು ಇದೇ ಕಾರಣಕ್ಕೆ. ಒಂದು ಭೂಗೋಳದ ಮೇಲೆ ಹೊರಡುವ ಊರಿಗೂ ಇಳಿಯುವ ಊರಿಗೂ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿದರೆ ಇದು ಕೂಡಲೇ ಅರ್ಥವಾಗುತ್ತದೆ.

ಇದಕ್ಕಿಂತ ನಂಬಲರ್ಹವಾದ ವಿಧಾನವೆಂದರೆ ಅದೇ ವಿಮಾನ ಹಿಂದಿನ ದಿನಗಳಲ್ಲಿ ಹಾರಿದ ಜಾಡನ್ನು ನೋಡುವುದು. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್‌ನಂಥ ತಾಣಗಳಲ್ಲಿ ವಿಮಾನದ ಸಂಖ್ಯೆ ಕೊಟ್ಟರೆ ಇತ್ತೀಚಿನ ಹಾರಾಟಗಳ ದಾರಿ ನಕ್ಷೆಯ ಮೇಲೆ ಮೂಡುತ್ತದೆ. ಒಂದೇ ದಿನದ ಜಾಡನ್ನು ನೋಡಿ ತೀರ್ಮಾನಿಸದೆ ಐದಾರು ದಿನಗಳದ್ದನ್ನು ಹೋಲಿಸಿರಿ. ಗಂಟೆ, ಎರಡು ಗಂಟೆಯ ಹಾರಾಟಗಳು ಸಾಮಾನ್ಯವಾಗಿ ಒಂದೇ ಜಾಡನ್ನು ಹಿಡಿಯುತ್ತವೆ. ಉತ್ತರ ಅಟ್ಲಾಂಟಿಕ್‌ನಂಥ ಕಡೆ ಮಾತ್ರ, ಎತ್ತರದಲ್ಲಿ ಬೀಸುವ ರಭಸದ ಗಾಳಿಗೆ ಅನುಗುಣವಾಗಿ ದಾರಿಗಳನ್ನು ದಿನದಿನವೂ ಬದಲಿಸುತ್ತಾರೆ. ಅಲ್ಲಿ ದ್ವೀಪವೋ ಹಿಮನದಿಯೋ ಇಂಥ ಬದಿಗೇ ಬರುತ್ತದೆಂದು ವಾರದ ಮೊದಲೇ ಹೇಳುವುದು ಸಾಧ್ಯವಿಲ್ಲ.

ಎರಡನೆಯ ಹಂತ: ನೋಡಬೇಕಾದದ್ದನ್ನು ಗುರುತಿಸಿ, ಬದಿಯನ್ನು ನಿರ್ಧರಿಸಿ

ದಾರಿ ಗೊತ್ತಾದ ಮೇಲೆ ಅದರ ಎರಡೂ ಪಕ್ಕಗಳಲ್ಲಿ ಏನೇನಿದೆ ಎಂದು ನೋಡಬೇಕು. ವಿಮಾನದ ನೇರ ಕೆಳಗಿರುವುದು ಯಾವ ಕಿಟಕಿಗೂ ಕಾಣುವುದಿಲ್ಲ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. ವಿಮಾನ 11 ಕಿಲೋಮೀಟರ್ ಎತ್ತರದಲ್ಲಿದ್ದರೆ, ಕಿಟಕಿಯಿಂದ 45 ಡಿಗ್ರಿ ಕೆಳಕ್ಕೆ ಕಣ್ಣು ಹಾಯಿಸಿದಾಗ ಕಾಣುವ ಜಾಗ ಪಕ್ಕಕ್ಕೆ 11 ಕಿಲೋಮೀಟರ್ ದೂರದಲ್ಲಿರುತ್ತದೆ. ಅದೇ ಎತ್ತರದಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರವಿರುತ್ತದೆಯಾದರೂ, ಅಷ್ಟು ದೂರದ್ದೆಲ್ಲ ಗಾಳಿಯ ಮಬ್ಬಿನಲ್ಲಿ ಕರಗಿಹೋಗುತ್ತದೆ. ನದಿಯ ತಿರುವು, ಕೆರೆ, ಜ್ವಾಲಾಮುಖಿಯ ಬಾಯಿ, ಊರಿನ ಬೀದಿಗಳಂಥವು ಚೆನ್ನಾಗಿ ಕಾಣಬೇಕಾದರೆ ದಾರಿಯಿಂದ 10 ರಿಂದ 40 ಕಿಲೋಮೀಟರ್ ಪಕ್ಕಕ್ಕಿರಬೇಕು. ಎತ್ತರದ ಹಿಮಶಿಖರಗಳು ಮಾತ್ರ ತಿಳಿಯಾದ ದಿನ 100 ಕಿಲೋಮೀಟರಿಗೂ ಆಚೆಯಿಂದ ಸ್ಪಷ್ಟವಾಗಿ ಗೋಚರಿಸುತ್ತವೆ, ಏಕೆಂದರೆ ಅವು ಕೆಳಗಿನ ಮಬ್ಬಿನ ಪದರವನ್ನು ಮೀರಿ ತಲೆ ಎತ್ತಿರುತ್ತವೆ.

ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತು ಎಡ ಬಲಗಳನ್ನು ಎಣಿಸಿ. ದೆಹಲಿಯಿಂದ ಕಠ್ಮಂಡುವಿಗೆ ಪೂರ್ವಾಭಿಮುಖವಾಗಿ ಹೋಗುವಾಗ ಹಿಮಾಲಯ ಉತ್ತರಕ್ಕಿರುವುದರಿಂದ ಎಡಗಡೆ, ಮರಳುವಾಗ ಬಲಗಡೆ. ಕಠ್ಮಂಡುವಿನಿಂದ ಭೂತಾನಿನ ಪಾರೋಗೆ ಹೋಗುವಾಗ 8,849 ಮೀಟರ್ ಎತ್ತರದ ಎವರೆಸ್ಟ್ ಸಹ ಎಡಕ್ಕೇ ಬರುತ್ತದೆ. ಟೋಕಿಯೊದಿಂದ ಒಸಾಕಾ ಕಡೆಗೆ ಹೊರಟ ವಿಮಾನಗಳು ಸಾಮಾನ್ಯವಾಗಿ 3,776 ಮೀಟರಿನ ಫ್ಯೂಜಿ ಪರ್ವತದ ದಕ್ಷಿಣಕ್ಕೆ ಹಾದುಹೋಗುವುದರಿಂದ ಬಲಗಡೆಯ ಕಿಟಕಿ ಬೇಕು. ನೈರೋಬಿಯಿಂದ ದಾರ್ ಎಸ್ ಸಲಾಮ್‌ಗೆ ತೆಂಕಣಕ್ಕೆ ಇಳಿಯುವಾಗ 5,895 ಮೀಟರಿನ ಕಿಲಿಮಂಜಾರೊ ಪಶ್ಚಿಮಕ್ಕೆ, ಅಂದರೆ ಬಲಕ್ಕೆ ಸಿಗುತ್ತದೆ. ಅರ್ಜೆಂಟೀನಾದ ಮೆಂಡೋಜಾದಿಂದ ಆಂಡಿಸ್ ದಾಟಿ ಸ್ಯಾಂಟಿಯಾಗೊಗೆ ಹೋಗುವಾಗ 6,961 ಮೀಟರಿನ ಅಕೊಂಕಾಗುವಾ ದಾರಿಯ ಉತ್ತರಕ್ಕಿರುವುದರಿಂದ ಅಲ್ಲಿಯೂ ಬಲಗಡೆಯೇ. ಈ ಶಿಖರಗಳನ್ನು ಮುಂದಿನ ಹಂತದಲ್ಲೂ ನೆನೆಯಬೇಕಾಗುತ್ತದೆ.

ಬದಿಯನ್ನು ಅಕ್ಷರಕ್ಕೆ ಇಳಿಸುವುದು ಸುಲಭ. ಅಕ್ಷರಗಳು ಎಡದಿಂದ ಬಲಕ್ಕೆ ಸಾಗುತ್ತವೆ, ಹಾಗಾಗಿ 'ಎ' ಯಾವಾಗಲೂ ಎಡಗಡೆಯ ಕಿಟಕಿ. ಒಂದೇ ನಡುದಾರಿಯ ಏರ್‌ಬಸ್ ಎ320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಬಲಗಡೆಯ ಕಿಟಕಿ 'ಎಫ್'. ಎರಡು ನಡುದಾರಿಗಳ ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ 'ಕೆ' ಅಥವಾ 'ಎಲ್'.

ಮೂರನೆಯ ಹಂತ: ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ?

ನೋಟದ ಗುಣವನ್ನು ನಿರ್ಧರಿಸುವುದರಲ್ಲಿ ಬೆಳಕಿನಷ್ಟು ಪಾಲು ಮತ್ತಾವುದಕ್ಕೂ ಇಲ್ಲ. ಸೂರ್ಯನಿರುವ ಬದಿಗೆ ಕುಳಿತಾಗ ಎರಡು ತೊಂದರೆಗಳಿವೆ. ಮೊದಲನೆಯದು, ಗಾಳಿಯಲ್ಲಿ ತೇಲುವ ಧೂಳು ಮತ್ತು ತೇವದ ಕಣಗಳು ಸೂರ್ಯನ ದಿಕ್ಕಿನಲ್ಲಿ ಹೆಚ್ಚು ಹೊಳೆಯುವುದರಿಂದ ನೆಲ ಬಿಳಿಚಿಕೊಂಡು ಕಾಣುತ್ತದೆ. ಎರಡನೆಯದು, ಕಿಟಕಿಯ ಮೇಲಿನ ಸಣ್ಣ ಗೀರು, ಕೊಳೆ, ಬೆರಳಚ್ಚುಗಳೆಲ್ಲ ಬಿಸಿಲಿಗೆ ಬೆಳಗಿ ನೋಟಕ್ಕೆ ಅಡ್ಡವಾಗುತ್ತವೆ. ಸೂರ್ಯ ಬೆನ್ನಿಗಿರುವ ಬದಿಯಲ್ಲಾದರೆ ಹೊಲಗದ್ದೆಗಳ ಹಸಿರು, ಮಣ್ಣಿನ ಕೆಂಪು, ಕಡಲಿನ ನೀಲಿ ತಮ್ಮ ತಮ್ಮ ಬಣ್ಣಗಳಲ್ಲೇ ಕಾಣುತ್ತವೆ.

ಲೆಕ್ಕ ಕಷ್ಟದ್ದಲ್ಲ. ಬೆಳಿಗ್ಗೆ ಉತ್ತರಕ್ಕೆ ಹಾರಿದರೆ ಸೂರ್ಯ ಬಲಕ್ಕೆ, ದಕ್ಷಿಣಕ್ಕೆ ಹಾರಿದರೆ ಎಡಕ್ಕೆ. ಸಂಜೆ ಇದು ತಿರುವುಮುರುವಾಗುತ್ತದೆ. ಪೂರ್ವ ಪಶ್ಚಿಮವಾಗಿ ಹಾರುವಾಗ, ನಡುಹಗಲಿನಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿದ್ದರೆ ಸೂರ್ಯ ದಕ್ಷಿಣದ ಕಡೆಗಿರುತ್ತಾನೆ, ಮಕರ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿದ್ದರೆ ಉತ್ತರದ ಕಡೆಗೆ. ಈ ಎರಡು ವೃತ್ತಗಳ ನಡುವಿನ ನಾಡುಗಳಲ್ಲಿ ಅದು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ; ಸೂರ್ಯ ನೆತ್ತಿಯ ಮೇಲಿದ್ದಾಗ ಎರಡೂ ಬದಿಗಳು ಹೆಚ್ಚುಕಡಿಮೆ ಒಂದೇ.

ಈಗ ಆ ಶಿಖರಗಳತ್ತ ಮತ್ತೆ ನೋಡಿ. ಹಿಮಾಲಯವನ್ನಾಗಲಿ ಫ್ಯೂಜಿಯನ್ನಾಗಲಿ ದಕ್ಷಿಣದಿಂದ ಉತ್ತರಕ್ಕೆ ನೋಡುವಾಗ ಸೂರ್ಯ ಬೆನ್ನ ಹಿಂದಿರುವುದರಿಂದ ದಿನದ ಬಹುಪಾಲು ಹೊತ್ತು ಬೆಳಕು ಅನುಕೂಲವಾಗಿಯೇ ಇರುತ್ತದೆ. ಅಕೊಂಕಾಗುವಾವನ್ನೂ ಉತ್ತರಕ್ಕೇ ನೋಡಬೇಕು, ಆದರೆ ಅದು ದಕ್ಷಿಣ ಗೋಳಾರ್ಧವಾದ್ದರಿಂದ ನಡುಹಗಲಿನ ಸೂರ್ಯ ಅದರ ಹಿಂದೆಯೇ ಇದ್ದು, ನಮ್ಮ ಕಡೆಯ ಇಳಿಜಾರು ನೆರಳಿನಲ್ಲಿರುತ್ತದೆ. ಕಿಲಿಮಂಜಾರೊವನ್ನು ಪಶ್ಚಿಮಕ್ಕೆ ನೋಡುವುದರಿಂದ ಅದಕ್ಕೆ ಬೆಳಗಿನ ವಿಮಾನವೇ ಬೇಕು. ಸಂಜೆಯ ಹೊತ್ತಿಗೆ ಸೂರ್ಯ ಅದರ ಬೆನ್ನಿಗೆ ಹೋಗಿರುತ್ತಾನೆ, ಮೋಡವೂ ಕವಿದಿರುವ ಸಂಭವ ಹೆಚ್ಚು.

ಬೆಟ್ಟಗುಡ್ಡಗಳ ಏರಿಳಿತ ಎದ್ದು ಕಾಣಬೇಕಾದರೆ ಸೂರ್ಯ ಹುಟ್ಟಿದ ಒಂದೆರಡು ಗಂಟೆಯೊಳಗಿನ ಎಳೆಬಿಸಿಲು, ಇಲ್ಲವೆ ಮುಳುಗುವ ಮೊದಲಿನ ಇಳಿಬಿಸಿಲು ಉತ್ತಮ. ನಡುಹಗಲಿನಲ್ಲಿ ನೆರಳೇ ಇಲ್ಲದೆ ದೊಡ್ಡ ಬೆಟ್ಟವೂ ಚಪ್ಪಟೆಯಾಗಿ ತೋರುತ್ತದೆ.

ಹಾಗೆಂದು ಸೂರ್ಯನ ಬದಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ನೀರನ್ನು ನೋಡುವ ಆಸೆ ಇದ್ದವರಿಗೆ ಅದೇ ಸರಿಯಾದ ಬದಿ. ಸೂರ್ಯನ ಪ್ರತಿಬಿಂಬ ವಿಮಾನದ ಜೊತೆಯಲ್ಲೇ ನೆಲದ ಮೇಲೆ ಓಡುತ್ತಿರುತ್ತದೆ. ಅದು ಹಾದಲ್ಲೆಲ್ಲ ಅದುವರೆಗೆ ಕಣ್ಣಿಗೆ ಬೀಳದಿದ್ದ ಕೆರೆಕುಂಟೆ, ಕಾಲುವೆ, ನೀರು ನಿಂತ ಗದ್ದೆಗಳು ಒಂದೊಂದಾಗಿ ಬೆಳ್ಳಿಯಂತೆ ಹೊಳೆದು ಆರುತ್ತವೆ. ನದೀಮುಖಜ ಭೂಮಿಯ ಮೇಲೆ ಹಾರುವಾಗ ಈ ನೋಟಕ್ಕಾಗಿಯೇ ನಾನು ಬೇಕೆಂದು ಬಿಸಿಲಿನ ಬದಿ ಆರಿಸಿಕೊಳ್ಳುತ್ತೇನೆ.

ಸೂರ್ಯ ಬೆನ್ನಿಗಿರುವ ಬದಿಗೂ ಅದರದೇ ಆದ ಒಂದು ಕೊಡುಗೆ ಉಂಟು. ಕೆಳಗೆ ಮೋಡದ ಹಾಸು ಇದ್ದಾಗ ವಿಮಾನದ ನೆರಳನ್ನು ಹುಡುಕಿ ನೋಡಿ. ಆ ನೆರಳಿನ ಸುತ್ತ ಒಳಗೆ ನೀಲಿ, ಹೊರಗೆ ಕೆಂಪು ಅಂಚಿನ ಬಣ್ಣದ ಬಳೆ ಕಾಣುತ್ತದೆ. ಕೆಲವೊಮ್ಮೆ ಒಂದರ ಹೊರಗೆ ಒಂದರಂತೆ ಎರಡು ಮೂರು. ಮೋಡದ ನೀರಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ ಉಂಟಾಗುವ ಪ್ರಭಾವಳಿ ಅದು. ಮೋಡ ಹತ್ತಿರವಿದ್ದು ನೆರಳು ದೊಡ್ಡದಾಗಿ ಬಿದ್ದಾಗ ಇನ್ನಷ್ಟು ಹತ್ತಿರದಿಂದ ಗಮನಿಸಿ: ಬಳೆಯ ನಡುಬಿಂದು ವಿಮಾನದ ನೆರಳಿನ ಮಧ್ಯಕ್ಕಿರದೆ, ನೀವು ಕುಳಿತ ಸಾಲಿನ ನೆರಳಿರುವಲ್ಲಿಯೇ ಇರುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವರಿಗೆ ನೆರಳಿನ ಮೂತಿಯ ಬಳಿ, ಬಾಲದಲ್ಲಿ ಕುಳಿತವರಿಗೆ ಬಾಲದ ಬಳಿ. ಪ್ರತಿಯೊಬ್ಬ ಪ್ರಯಾಣಿಕನಿಗೂ ಅವನದೇ ಪ್ರಭಾವಳಿ.

ಸೂರ್ಯಾಸ್ತದ ಹೊತ್ತಿನಲ್ಲಿ ಪಶ್ಚಿಮದ ಕಿಟಕಿಗೆ ಎಲ್ಲರೂ ಮುಗಿಬೀಳುತ್ತಾರೆ. ಪೂರ್ವದ ಕಿಟಕಿಯಲ್ಲಿ ಅದೇ ಹೊತ್ತಿಗೆ ದಿಗಂತದಿಂದ ಬೂದುನೀಲಿ ಬಣ್ಣದ ಪಟ್ಟಿಯೊಂದು ಮೇಲೇರುತ್ತಿರುತ್ತದೆ, ಅದರ ಮೇಲೆ ನಸುಗೆಂಪು ಅಂಚು. ಆ ಬೂದುನೀಲಿ ಆಕಾಶದ ಮೇಲೆ ಬಿದ್ದ ಭೂಮಿಯ ನೆರಳು. ಇನ್ನು ಪಶ್ಚಿಮಕ್ಕೆ ಹಾರುವವರಿಗೆ ಸೂರ್ಯಾಸ್ತ ಬಹಳ ಹೊತ್ತು ಉಳಿಯುತ್ತದೆ: 60 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ತಿರುಗುವ ವೇಗ ಗಂಟೆಗೆ ಸುಮಾರು 835 ಕಿಲೋಮೀಟರ್, ಜೆಟ್ ವಿಮಾನದ ವೇಗವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಸೂರ್ಯ ದಿಗಂತದಲ್ಲಿ ನಿಂತಂತೆಯೇ ತೋರುತ್ತಾನೆ. ಚಳಿಗಾಲದ ರಾತ್ರಿ ಉತ್ತರದ ಎತ್ತರದ ಅಕ್ಷಾಂಶಗಳಲ್ಲಿ ಹಾರುವವರು ಧ್ರುವಪ್ರಭೆಯ ಆಸೆಯಿದ್ದರೆ ಉತ್ತರದ ಬದಿಯನ್ನೇ ಹಿಡಿಯಬೇಕು.

ನಾಲ್ಕನೆಯ ಹಂತ: ಸಾಲು

ರೆಕ್ಕೆಗೆ ಮುಂದಿನ ಸಾಲುಗಳು ಸಾಮಾನ್ಯವಾಗಿ ಉತ್ತಮ, ಇದಕ್ಕೆ ಕಾರಣಗಳಿವೆ. ಜೆಟ್ ವಿಮಾನದ ರೆಕ್ಕೆ ಹಿಂದಕ್ಕೆ ಬಾಗಿರುತ್ತದೆ. ಎ320ರಲ್ಲಿ ಈ ಬಾಗು ಸುಮಾರು 25 ಡಿಗ್ರಿ. ಆದ್ದರಿಂದ ರೆಕ್ಕೆಯ ಬುಡಕ್ಕಿಂತ ಎರಡು ಮೂರು ಸಾಲು ಮುಂದೆ ಕುಳಿತರೆ ಸಾಕು, ರೆಕ್ಕೆಯ ಉಳಿದ ಭಾಗವೆಲ್ಲ ಹಿಂದಕ್ಕೆ ಸರಿದು ನೋಟ ತೆರವಾಗಿಬಿಡುತ್ತದೆ. ಹಿಂದೆ ಕುಳಿತವರಿಗೆ ಇದೇ ಬಾಗು ತೊಡಕು: ರೆಕ್ಕೆಯ ಬುಡ ಮುಗಿದರೂ ತುದಿ ಇನ್ನೂ ಹಿಂದಕ್ಕೆ ಚಾಚಿಕೊಂಡಿರುವುದರಿಂದ ಇನ್ನೂ ಹಲವು ಸಾಲುಗಳವರೆಗೆ ಪಕ್ಕದ ನೋಟಕ್ಕೆ ಅದು ಅಡ್ಡ ಬರುತ್ತದೆ. ಜೊತೆಗೆ ಎಂಜಿನ್ನಿನಿಂದ ಹೊಮ್ಮುವ ಬಿಸಿಗಾಳಿ ಹಿಂದಿನ ಸಾಲುಗಳ ಕಿಟಕಿಯ ಎದುರು ಹಾದುಹೋಗಿ, ಬೇಸಿಗೆಯ ಡಾಂಬರು ರಸ್ತೆಯ ಮೇಲಿನ ಗಾಳಿಯಂತೆ ನೆಲವನ್ನು ನಡುಗಿಸುತ್ತದೆ. ಕಣ್ಣಿಗೆ ಅದು ಅಷ್ಟಾಗಿ ತಿಳಿಯದಿದ್ದರೂ ಚಿತ್ರ ತೆಗೆದು ನೋಡಿದಾಗ ವಿವರಗಳೆಲ್ಲ ಕಲಸಿಹೋಗಿರುತ್ತವೆ.

ಒಂದೇ ದರ್ಜೆಯ ಎ320 ವಿಮಾನದಲ್ಲಿ ಸುಮಾರು 9ನೆಯ ಸಾಲಿನಿಂದ 20ನೆಯ ಸಾಲಿನವರೆಗೆ ರೆಕ್ಕೆಯ ಪಾಲು. ಮುಂದಿನ ಎಂಟು ಸಾಲುಗಳಲ್ಲಿ ಸಿಗದಿದ್ದರೆ 23ನೆಯ ಸಾಲಿನಿಂದ ಹಿಂದೆ ಆರಿಸಿಕೊಳ್ಳಬಹುದು. ಸಾಲುಗಳ ಎಣಿಕೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಸಂಖ್ಯೆಯನ್ನು ನಂಬದೆ ಆಸನಗಳ ನಕ್ಷೆಯಲ್ಲಿ ರೆಕ್ಕೆಯ ಗುರುತನ್ನೇ ನೋಡಬೇಕು. ಅದು ಇಲ್ಲದಿದ್ದರೆ, ನಡುವಿನ ತುರ್ತು ನಿರ್ಗಮನದ ಸಾಲುಗಳು ರೆಕ್ಕೆಯ ಮೇಲೆಯೇ ಇರುತ್ತವೆಂದು ತಿಳಿದು ಅಲ್ಲಿಂದ ನಾಲ್ಕೈದು ಸಾಲು ಮುಂದಕ್ಕೆ ಎಣಿಸಿ. ಬಾಲದ ಬಳಿ ಎಂಜಿನ್ ಇರುವ ಸಣ್ಣ ಜೆಟ್‌ಗಳಲ್ಲಿ ಕೊನೆಯ ಸಾಲುಗಳನ್ನು ಬಿಟ್ಟುಬಿಡಿ.

ಎಟಿಆರ್ 72ರಂಥ, ರೆಕ್ಕೆ ಮೇಲ್ಗಡೆಯಿರುವ ಪ್ರೊಪೆಲ್ಲರ್ ವಿಮಾನ ಸಿಕ್ಕರೆ ನೋಡುವವರಿಗೆ ಅದು ಭಾಗ್ಯವೇ ಸರಿ. ಅದು 7.6 ಕಿಲೋಮೀಟರಿಗಿಂತ ಎತ್ತರಕ್ಕೆ ಹೋಗುವುದಿಲ್ಲ, ನಿಧಾನವಾಗಿ ಹಾರುತ್ತದೆ, ಕೆಳನೋಟಕ್ಕೆ ರೆಕ್ಕೆಯ ಅಡ್ಡಿಯೂ ಇಲ್ಲ. ಮುಂದಿನ ಸಾಲುಗಳಿಗೆ ಎಂಜಿನ್ ಮತ್ತು ಪ್ರೊಪೆಲ್ಲರ್ ಅಡ್ಡ ಬರುವುದರಿಂದ ಇದರಲ್ಲಿ ಹಿಂದಿನ ಅರ್ಧ ಒಳ್ಳೆಯದು.

ಇನ್ನು ಸಾಲಿಗೂ ಕಿಟಕಿಗೂ ಇರುವ ಹೊಂದಾಣಿಕೆ. ಕಿಟಕಿಗಳು ವಿಮಾನದ ಒಡಲಿನ ಪಕ್ಕೆಲುಬುಗಳ ನಡುವೆ ಕೂರುತ್ತವೆ. 737ರಲ್ಲಿ ಈ ಅಂತರ ಸುಮಾರು 51 ಸೆಂಟಿಮೀಟರ್, ಎ320ರಲ್ಲಿ 53. ಆಸನಗಳ ನಡುವಿನ ಅಂತರವಾದರೋ 71 ರಿಂದ 81 ಸೆಂಟಿಮೀಟರ್. ಎರಡೂ ಸರಿಹೊಂದದೆ ಕೆಲವು ಸಾಲುಗಳಿಗೆ ಒಂದೂವರೆ ಕಿಟಕಿ, ಕೆಲವಕ್ಕೆ ಭುಜದ ಹಿಂದೆ ಸರಿದ ಕಿಟಕಿ ಬರುತ್ತದೆ. ಅದೂ ಅಲ್ಲದೆ 737-800ರಲ್ಲಿ ರೆಕ್ಕೆಗೆ ತುಸು ಮುಂದೆ, ಹವಾನಿಯಂತ್ರಣದ ಕೊಳವೆಗಳು ಗೋಡೆಯೊಳಗಿಂದ ಮೇಲೇರುವ ಕಡೆ, ಕಿಟಕಿಯೇ ಇರುವುದಿಲ್ಲ. ದಾರಿ, ಬದಿ, ಬಿಸಿಲು ಎಲ್ಲವನ್ನೂ ಲೆಕ್ಕ ಹಾಕಿ ಹಣ ಕೊಟ್ಟು ಆಸನ ಆರಿಸಿಕೊಂಡಿದ್ದ ಒಂದು ಮುಂಜಾನೆ ನಾನು ಅಂಥ ಬೋಳುಗೋಡೆಯ ಪಕ್ಕ ಕುಳಿತೆ. ಮುಂದಿನ ಸಾಲಿನ ಕಿಟಕಿಯ ಸಂದಿಯಲ್ಲಿ ಬೆರಳಗಲದ ಹಿಮವಷ್ಟೇ ಕಂಡಿತು. ಸಂಸ್ಥೆಯ ನಕ್ಷೆಯಲ್ಲಿ ಆ ಆಸನಕ್ಕೂ ಕಿಟಕಿಯ ಗುರುತೇ ಇತ್ತು. ಅಂದಿನಿಂದ ಏರೋಲೋಪಾ ತಾಣದ ನಕ್ಷೆಯನ್ನು ನೋಡದೆ ನಾನು ಆಸನ ಆರಿಸುವುದಿಲ್ಲ. ಅದರಲ್ಲಿ ಪ್ರತಿ ಸಾಲಿನ ಪಕ್ಕ ಕಿಟಕಿ ಎಲ್ಲಿ ಬೀಳುತ್ತದೆಂದು ಬಿಡಿಬಿಡಿಯಾಗಿ ತೋರಿಸಿರುತ್ತಾರೆ. ಕಿಟಕಿ ಭುಜಕ್ಕಿಂತ ಮುಂದಿರುವ ಸಾಲನ್ನೇ ಹುಡುಕಿ, ಏಕೆಂದರೆ ಮುಂದಕ್ಕೆ ಬಾಗಿ ನೋಡುವುದು ಸುಲಭ, ಕತ್ತು ಹಿಂದಕ್ಕೆ ತಿರುಗಿಸಿ ಗಂಟೆಗಟ್ಟಲೆ ನೋಡುವುದು ಸಾಧ್ಯವಿಲ್ಲ.

ವಿಮಾನದ ಮಾದರಿಯಲ್ಲೇ ಆಯ್ಕೆಯಿದ್ದರೆ ಬೋಯಿಂಗ್ 787ರ ಕಿಟಕಿಗಳು ಸುಮಾರು 47 ಸೆಂಟಿಮೀಟರ್ ಎತ್ತರವಿದ್ದು, ನೋಟ ವಿಶಾಲವಾಗಿರುತ್ತದೆ. ಅದರಲ್ಲಿ ಎಳೆಯುವ ಪರದೆಯ ಬದಲು ಗಾಜೇ ಕಪ್ಪಾಗುತ್ತದೆ, ಮತ್ತು ಸಿಬ್ಬಂದಿ ಇಡೀ ವಿಮಾನದ ಕಿಟಕಿಗಳನ್ನು ಒಟ್ಟಿಗೆ ಕಪ್ಪಾಗಿಸಬಲ್ಲರು ಎಂಬುದೂ ನೆನಪಿರಲಿ.

ಐದನೆಯ ಹಂತ: ಏರುವಾಗ ಮತ್ತು ಇಳಿಯುವಾಗ

ನಗರವನ್ನೋ ಕರಾವಳಿಯನ್ನೋ ಹತ್ತಿರದಿಂದ ನೋಡುವ ಅವಕಾಶ ಈ ಕೆಲವೇ ನಿಮಿಷಗಳಲ್ಲಿ ಇರುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಹಾಗಾಗಿ ಗಾಳಿ ತಿರುಗಿದರೆ ಬದಿಯೂ ತಿರುಗುತ್ತದೆ. ರನ್‌ವೇಯ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಸುಮಾರಾಗಿ ಅದರ ದಿಕ್ಕು ಸಿಗುತ್ತದೆ: 09 ಎಂದರೆ 90 ಡಿಗ್ರಿ, ಪೂರ್ವಾಭಿಮುಖ, 27 ಎಂದರೆ ಪಶ್ಚಿಮಾಭಿಮುಖ. ಜಿನೀವಾದ ಮುಖ್ಯ ರನ್‌ವೇಯನ್ನೇ ನೋಡಿ. 22ರ ಕಡೆಯಿಂದ ನೈಋತ್ಯಕ್ಕೆ ಮುಖಮಾಡಿ ಇಳಿದರೆ ಸುಮಾರು 4,800 ಮೀಟರಿನ ಮೋಂಟ್ ಬ್ಲಾಂಕ್ ಎಡಕ್ಕೆ, 04ರ ಕಡೆಯಿಂದ ಈಶಾನ್ಯಕ್ಕೆ ಮುಖಮಾಡಿ ಇಳಿದರೆ ಬಲಕ್ಕೆ. ಪ್ರಯಾಣದ ದಿನ ಹವಾಮಾನ ವರದಿಯಲ್ಲಿ ಗಾಳಿಯ ದಿಕ್ಕನ್ನು ನೋಡಿ, ಅದೇ ಹೊತ್ತಿನಲ್ಲಿ ಉಳಿದ ವಿಮಾನಗಳು ಯಾವ ಕಡೆಯಿಂದ ಇಳಿಯುತ್ತಿವೆ ಎಂದು ಜಾಡಿನ ನಕ್ಷೆಯಲ್ಲಿ ಪರಿಶೀಲಿಸಿದರೆ ಚೆಕ್-ಇನ್ ಮಾಡುವಾಗಲೇ ಸರಿಯಾದ ಬದಿಯನ್ನು ಹಿಡಿಯಬಹುದು.

ಆರನೆಯ ಹಂತ: ಹೊತ್ತು, ಹವೆ, ಕಾಯ್ದಿರಿಸುವಿಕೆ

ಬಿಸಿಲೇರಿದಂತೆ ನೆಲ ಕಾದು ಗುಪ್ಪೆಮೋಡಗಳು ಬೆಳೆಯುವುದರಿಂದ, ಆಯ್ಕೆಯಿದ್ದರೆ ಬೆಳಗಿನ ವಿಮಾನವೇ ಇರಲಿ. ಮಳೆ ಸುರಿದು ಬಿಟ್ಟ ಮರುದಿನ ಗಾಳಿ ತೊಳೆದಂತಿದ್ದು ಬಹಳ ದೂರ ಕಾಣುತ್ತದೆ. ಆಸನಕ್ಕೆ ಹೆಚ್ಚುವರಿ ಹಣ ಕೊಡಲು ಮನಸ್ಸಿಲ್ಲದವರು ಆನ್‌ಲೈನ್ ಚೆಕ್-ಇನ್ ತೆರೆಯುವ ಗಳಿಗೆಯಲ್ಲೇ ಕುಳಿತು ಆರಿಸಿಕೊಳ್ಳಬೇಕು. ಅನೇಕ ಸಂಸ್ಥೆಗಳಲ್ಲಿ ಅದು 24 ಅಥವಾ 48 ಗಂಟೆ ಮೊದಲು ತೆರೆಯುತ್ತದೆ. ಕೊನೆಯ ಗಳಿಗೆಯಲ್ಲಿ ವಿಮಾನವನ್ನೇ ಬದಲಿಸುವುದೂ ಉಂಟು, ಆದ್ದರಿಂದ ಹೊರಡುವ ದಿನ ಆಸನದ ನಕ್ಷೆಯನ್ನು ಇನ್ನೊಮ್ಮೆ ತೆರೆದು ನೋಡಿ.

ಏಳನೆಯ ಹಂತ: ಆಸನದಲ್ಲಿ ಕುಳಿತ ಮೇಲೆ

ಮೆತ್ತನೆಯ ಒಣಬಟ್ಟೆಯಿಂದ ಕಿಟಕಿಯ ಒಳಮೈಯನ್ನು ಒರೆಸಿ. ಕಿಟಕಿಯಲ್ಲಿ ಮೂರು ಪದರಗಳಿರುತ್ತವೆ. ನಡುವಿನ ಪದರದ ಕೆಳಭಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತು ಕಾಣುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನ ಪದರಕ್ಕೆ ವರ್ಗಾಯಿಸಲು ಮತ್ತು ತೇವ ಕಟ್ಟದಂತೆ ತಡೆಯಲು ಇಟ್ಟ ತೂತು ಅದು. ಎತ್ತರಕ್ಕೇರಿದ ಮೇಲೆ ಅದರ ಸುತ್ತ ಜರೀಗಿಡದ ಎಲೆಯಂತೆ ಹಿಮದ ಹರಳುಗಳು ಹಬ್ಬುತ್ತವೆ. ಅವು ನೋಟಕ್ಕೆ ಅಡ್ಡವಾದರೆ ತಲೆಯನ್ನು ಸ್ವಲ್ಪ ಮೇಲೆತ್ತಿ ಕಿಟಕಿಯ ಮೇಲಂಚಿನಿಂದ ನೋಡಿ.

ಚಿತ್ರ ತೆಗೆಯುವಾಗ ಫೋನನ್ನು ಕಿಟಕಿಗೆ ಹತ್ತಿರ ಹಿಡಿಯಬೇಕೇ ಹೊರತು ಒತ್ತಿ ಹಿಡಿಯಬಾರದು, ಒತ್ತಿದರೆ ವಿಮಾನದ ಕಂಪನವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಫ್ಲ್ಯಾಶ್ ನಿಲ್ಲಿಸಿ, ತಲೆಯ ಮೇಲಿನ ದೀಪ ಆರಿಸಿ, ಕಪ್ಪು ಬಟ್ಟೆಯೊಂದನ್ನು ಫೋನಿನ ಸುತ್ತ ಹಿಡಿದು ಒಳಗಿನ ಬೆಳಕು ಗಾಜಿನಲ್ಲಿ ಮೂಡದಂತೆ ಮರೆಮಾಡಿ. ಪೋಲರಾಯ್ಡ್ ತಂಪುಕನ್ನಡಕ ಹಾಕಿದ್ದರೆ ಕಿಟಕಿಯಲ್ಲಿ ಕಾಮನಬಿಲ್ಲಿನ ಬಣ್ಣಗಳು ಎಣ್ಣೆಯಂತೆ ಹರಡಿ ಕಾಣುತ್ತವೆ. ಅಂಥ ಕನ್ನಡಕವನ್ನೂ ಕ್ಯಾಮೆರಾದ ಅಂಥ ಫಿಲ್ಟರನ್ನೂ ತೆಗೆದಿಡಿ.

ಕಂಡದ್ದು ಯಾವ ನದಿ, ಯಾವ ಊರು ಎಂದು ತಿಳಿಯುವ ಕುತೂಹಲವಿದ್ದರೆ ದಾರಿಯ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಬನ್ನಿ. ಜಿಪಿಎಸ್ ಉಪಗ್ರಹದ ಸಂಕೇತವನ್ನು ಪಡೆಯುವುದಷ್ಟೇ ಆದ್ದರಿಂದ ಸಾಮಾನ್ಯವಾಗಿ ಏರ್‌ಪ್ಲೇನ್ ಮೋಡ್‌ನಲ್ಲಿಯೂ, ಕಿಟಕಿಯ ಹತ್ತಿರ ಹಿಡಿದರೆ, ಅದು ಕೆಲಸ ಮಾಡುತ್ತದೆ. ಸಿಬ್ಬಂದಿ ಬೇಡವೆಂದರೆ ನಿಲ್ಲಿಸಿ.

ದೀರ್ಘ ಹಾರಾಟಗಳಲ್ಲಿ ಉಳಿದವರು ಮಲಗಿರುವಾಗ ಪರದೆಯನ್ನು ಪೂರ್ತಿ ತೆರೆದಿಟ್ಟರೆ ಅವರ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಅಂಗೈಯಗಲದಷ್ಟು ಎತ್ತಿ, ತಲೆಯ ಮೇಲೆ ಹೊದಿಕೆಯನ್ನು ಎಳೆದುಕೊಂಡು ನೋಡಿದರೆ ನಿಮಗೂ ಪ್ರತಿಫಲನ ಕಾಡುವುದಿಲ್ಲ, ಪಕ್ಕದವರ ನಿದ್ದೆಯೂ ಕೆಡುವುದಿಲ್ಲ. ಇಷ್ಟೆಲ್ಲ ಮಾಡಿಯೂ ದಾರಿ ಬದಲಾಗಿ, ನೋಡಬೇಕೆಂದಿದ್ದ ಶಿಖರ ಆಚೆಯ ಬದಿಗೆ ಹೋಗಿಬಿಟ್ಟರೆ, ಸೀಟ್‌ಬೆಲ್ಟ್‌ನ ಸೂಚನೆ ಆರಿರುವಾಗ ಗಗನಸಖಿಯರ ಅನುಮತಿ ಕೇಳಿ ಹಿಂಬದಿಯ ಅಡುಗೆಕಟ್ಟೆಯ ಬಳಿಗೆ ಹೋಗಿ. ಅಲ್ಲಿನ ಬಾಗಿಲಿನಲ್ಲಿ ಅಂಗೈಯಷ್ಟೇ ಅಗಲದ ದುಂಡು ಕಿಟಕಿಯೊಂದು ಇರುತ್ತದೆ. ಬಾಗಿ, ಕಣ್ಣನ್ನು ಅದರ ಹತ್ತಿರಕ್ಕೆ ತಂದರೆ ಆ ಬದಿಯ ನೆಲವೆಲ್ಲ ಅದರೊಳಗೆ ತೆರೆದುಕೊಳ್ಳುತ್ತದೆ.